ವಾತಾಪಿಗೆ ಅರಸನಿಲ್ಲದ ಹದಿಮೂರು ವರ್ಷ

ಐಹೊಳೆಯ ಮೇಗುಟಿ ಗುಡ್ಡದ ಮೇಲೆ ಬಸದಿ ಕಟ್ಟಿಸಿದ ರವಿಕೀರ್ತಿ, ಅದರ ಗೋಡೆಯ ಮೇಲೆ ತನ್ನ ದೊರೆಯ ದಿಗ್ವಿಜಯದ ಕಥೆಯನ್ನು ಸಂಸ್ಕೃತ ಶ್ಲೋಕಗಳಲ್ಲಿ ಕೆತ್ತಿಸಿದ್ದು ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634-35ರಲ್ಲಿ. ಕವಿಗೆ ತನ್ನ ಬಗ್ಗೆಯೂ ಸಂಕೋಚವೇನಿರಲಿಲ್ಲ. ಕಾಳಿದಾಸ, ಭಾರವಿಯರ ಪಂಕ್ತಿಯಲ್ಲಿ ತನಗೂ ಒಂದು ಎಲೆ ಹಾಕಿಸಿಕೊಂಡಿದ್ದಾನೆ. ದೊರೆ ಇಮ್ಮಡಿ ಪುಲಕೇಶಿ. ಬನವಾಸಿ ಅವನಿಗೆ ಮಣಿದಿತ್ತು, ಗಂಗರೂ ಆಳುಪರೂ ಮಣಿದಿದ್ದರು. ಕೊಂಕಣದ ಮೌರ್ಯರು ಸೋತಿದ್ದರು, ಉತ್ತರಾಪಥದ ಹರ್ಷ ನರ್ಮದೆಯನ್ನು ದಾಟಲಾರದೆ ಹಿಂದಿರುಗಿದ್ದ. ತೊಂಬತ್ತೊಂಬತ್ತು ಸಾವಿರ ಹಳ್ಳಿಗಳ ಮೂರು ಮಹಾರಾಷ್ಟ್ರಕಗಳಿಗೆ ಅವನೇ ಒಡೆಯನೆಂದು ಶಾಸನ ಹೇಳುತ್ತದೆ.

ಇದಾಗಿ ಎಂಟೇ ವರ್ಷ. 642ರ ಸುಮಾರಿಗೆ ಕಂಚಿಯ ಪಲ್ಲವರ ಸೇನೆ ವಾತಾಪಿಯೊಳಗೆ ನಿಂತಿತ್ತು.

ಚಾಲುಕ್ಯರ ಈ ರಾಜಧಾನಿ, ಇಂದಿನ ಬಾದಾಮಿ, ಸುಲಭಕ್ಕೆ ದಕ್ಕುವ ಊರಲ್ಲ. ಎರಡು ಬದಿಗೆ ಕಡಿದಾದ ಕೆಂಪು ಮರಳುಗಲ್ಲಿನ ಬೆಟ್ಟ, ನಡುವೆ ಅಗಸ್ತ್ಯತೀರ್ಥದ ಕೆರೆ. ಮೊದಲನೆಯ ಪುಲಕೇಶಿ 543ರಲ್ಲಿ ಈ ಬೆಟ್ಟಕ್ಕೆ ಕೋಟೆ ಕಟ್ಟಿಸಿದ್ದನ್ನು ಅಲ್ಲಿನ ಬಂಡೆಯೇ ಹೇಳುತ್ತದೆ. ನೂರು ವರ್ಷ ಆ ಕೋಟೆಯೊಳಗೆ ಶತ್ರು ಕಾಲಿಟ್ಟ ದಾಖಲೆಯಿಲ್ಲ. ಕಂಚಿಗೂ ಬಾದಾಮಿಗೂ ನೇರ ಗೆರೆ ಎಳೆದರೂ ಐನೂರೈವತ್ತು ಕಿಲೋಮೀಟರ್ ದೂರ. ಅಷ್ಟು ದೂರದಿಂದ, ಅದೂ ಒಮ್ಮೆ ಸೋತು ಕೋಟೆಯೊಳಗೆ ಕೂತಿದ್ದ ಮನೆತನ, ಹೇಗೆ ಬಂತು?

ಪುಲಕೇಶಿಯ ಏಳಿಗೆಯಲ್ಲೇ ಇದಕ್ಕೆ ಅರ್ಧ ಉತ್ತರವಿದೆ. ಅಪ್ಪ ಕೀರ್ತಿವರ್ಮ ತೀರಿಕೊಂಡಾಗ ಅವನಿನ್ನೂ ಚಿಕ್ಕವನು. ಚಿಕ್ಕಪ್ಪ ಮಂಗಳೇಶ ಪಟ್ಟಕ್ಕೆ ಬಂದ. ಆಳುವುದರಲ್ಲಿ ಮಂಗಳೇಶ ಹಿಂದೆ ಬಿದ್ದವನಲ್ಲ, ಅಣ್ಣನ ಕಾಲದಲ್ಲೇ ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನ ಬರೆಸಿದವನು. ಹುಡುಗ ಬೆಳೆದ ಮೇಲೆ ಪಟ್ಟ ಬಿಡುವ ಬದಲು ತನ್ನ ಮಗನಿಗೆ ಕೊಡಿಸಲು ಹೊರಟದ್ದೇ ಅವನಿಗೆ ಮುಳುವಾಯಿತು. ಪುಲಕೇಶಿ ರಾಜಧಾನಿ ಬಿಟ್ಟು ಹೊರಗೆ ಬಲ ಕೂಡಿಸಿಕೊಂಡ. 609-10ರ ಹೊತ್ತಿಗೆ ಮಂಗಳೇಶ ಮಗನಿಗಾಗಿ ಹೂಡಿದ ಯತ್ನವನ್ನೂ ರಾಜ್ಯವನ್ನೂ ಜೀವವನ್ನೂ ಒಟ್ಟಿಗೇ ಕಳೆದುಕೊಂಡನೆಂದು ರವಿಕೀರ್ತಿ ಮುಲಾಜಿಲ್ಲದೆ ಬರೆದಿದ್ದಾನೆ. ಮನೆಯ ಜಗಳ ಹೊರಗೆ ಗೊತ್ತಾದದ್ದೇ ತಡ, ಸಾಮಂತರು ಒಬ್ಬೊಬ್ಬರಾಗಿ ತಲೆಯೆತ್ತಿದರು. ಅಪ್ಪಾಯಿಕ, ಗೋವಿಂದ ಎಂಬಿಬ್ಬರು ಭೀಮಾ ನದಿಯ ಬಡಗಣಿಂದ ದಂಡೆತ್ತಿ ಬಂದರು. ಅವರಲ್ಲಿ ಗೋವಿಂದನನ್ನು ಪುಲಕೇಶಿ ತನ್ನ ಕಡೆಗೆ ಒಲಿಸಿಕೊಂಡ, ಅಪ್ಪಾಯಿಕ ಓಡಿಹೋದ. ಮುಂದಿನ ಇಪ್ಪತ್ತು ವರ್ಷ ಪುಲಕೇಶಿ ಕುದುರೆಯಿಂದ ಇಳಿದದ್ದೇ ಅಪರೂಪವಿರಬೇಕು.

ಹರ್ಷನೊಡನೆ ಕಾದಿದ್ದು ಯಾವಾಗ ಎಂಬುದು ಬಹುಕಾಲ ವಿದ್ವಾಂಸರ ಜಗಳವಾಗಿತ್ತು. ಕೆಲವರು 612ಕ್ಕೂ ಮೊದಲು ಎಂದರು, ಹೆಚ್ಚಿನವರು 630ರ ಆಚೀಚೆ ಎಂದರು. 2016ರಲ್ಲಿ ಪುಣೆಯ ವಿದ್ವಾಂಸರು ಪ್ರಕಟಿಸಿದ ತಾಮ್ರಪಟವೊಂದು 619ರದು, ಅದರಲ್ಲಿ ಹರ್ಷನ ಸೋಲಿನ ಮಾತಿದೆ. ಹಾಗಾಗಿ 618-19ರ ಚಳಿಗಾಲದಲ್ಲೇ ಯುದ್ಧ ಮುಗಿದಿತ್ತೆಂಬ ವಾದಕ್ಕೆ ಈಗ ತೂಕ ಬಂದಿದೆ. ತಾರೀಖು ಹಿಂದಕ್ಕೆ ಸರಿದರೆ ಕಥೆಯ ನಡಿಗೆಯೂ ಬದಲಾಗುತ್ತದೆ. ಉತ್ತರದ ಭಯ ಅಷ್ಟು ಬೇಗ ಕಳೆದದ್ದರಿಂದಲೇ ಪುಲಕೇಶಿಗೆ ಪೂರ್ವ ಕರಾವಳಿಯತ್ತ ತಿರುಗುವ ಬಿಡುವು ಸಿಕ್ಕಿತು.

ಪೂರ್ವದಲ್ಲಿ ಕೋಸಲ, ಕಳಿಂಗಗಳು ಬಗ್ಗಿದವು. ಪಿಷ್ಟಪುರದ ಕೋಟೆ (ಇಂದಿನ ಪಿಠಾಪುರ) ಬಿತ್ತು. ಕುನಾಳ ಸರೋವರದ, ಎಂದರೆ ಇಂದಿನ ಕೊಲ್ಲೇರಿನ ನೀರು ನೆತ್ತರಿನಿಂದ ಕೆಂಪಾಯಿತೆಂದು ಕವಿ ವರ್ಣಿಸುತ್ತಾನೆ. ಗೋದಾವರಿ, ಕೃಷ್ಣೆಯರ ಮುಖಜ ಭೂಮಿಯಾದ ವೆಂಗಿಯನ್ನು ಪುಲಕೇಶಿ ತಮ್ಮ ವಿಷ್ಣುವರ್ಧನನ ಕೈಗಿತ್ತ. ಬತ್ತ ಬೆಳೆಯುವ ಆ ಸೀಮೆಗೆ ತಾಗಿದಂತೆ ತೆಂಕಣಕ್ಕೆ ಪಲ್ಲವರ ನೆಲ. ಎರಡು ರಾಜ್ಯಗಳ ಗಡಿ ಹೀಗೆ ಒಂದಕ್ಕೊಂದು ಉಜ್ಜತೊಡಗಿದ್ದೇ ಜಗಳದ ಮೂಲ. ಮುಂದಿನ ನೂರು ವರ್ಷ ಹರಿದ ನೆತ್ತರಿಗೆ ಹಗೆ, ಸೇಡು, ಕುಲಗೌರವ ಎಂದೆಲ್ಲ ಹೆಸರು ಬಂದವು. ಬೇರು ಮಾತ್ರ ಕೃಷ್ಣೆಯ ಕೆಳದಂಡೆಯ ಗದ್ದೆಗಳಲ್ಲಿತ್ತು.

ಆಗ ಕಂಚಿಯಲ್ಲಿ ಇದ್ದವನು ಮಹೇಂದ್ರವರ್ಮ. ‘ಮತ್ತವಿಲಾಸ ಪ್ರಹಸನ’ ಬರೆದ ನಾಟಕಕಾರ. ಇಟ್ಟಿಗೆ, ಮರ, ಲೋಹ, ಗಾರೆ ಯಾವುದೂ ಇಲ್ಲದೆ ಬಂಡೆಯಲ್ಲೇ ಗುಡಿ ಕೊರೆಸಿದೆನೆಂದು ಮಂಡಗಪಟ್ಟಿನಲ್ಲಿ ಬರೆಸಿಕೊಂಡ ರಸಿಕ. ಪುಲಕೇಶಿಯ ದಂಡಿನ ಧೂಳು ಅವನ ಪ್ರತಾಪವನ್ನು ಮುಚ್ಚಿತು, ಅವನು ಕಂಚಿಯ ಪ್ರಾಕಾರದ ಹಿಂದೆ ಅಡಗಿದ ಎನ್ನುತ್ತದೆ ಐಹೊಳೆ ಶಾಸನ. ಪಲ್ಲವರ ಕಾಶಾಕುಡಿ ತಾಮ್ರಪಟದ ಮಾತೇ ಬೇರೆ. ಮಹೇಂದ್ರವರ್ಮ ಪುಳ್ಳಲೂರಿನಲ್ಲಿ ತನ್ನ ಮುಖ್ಯ ಶತ್ರುಗಳನ್ನು ಸದೆಬಡಿದನಂತೆ. ಆ ಶತ್ರು ಯಾರೆಂದು ಅದು ಹೇಳುವುದಿಲ್ಲ. ಪುಳ್ಳಲೂರು ಇರುವುದು ಕಂಚಿಯ ಮಗ್ಗುಲಲ್ಲೇ. ರಾಜಧಾನಿಯ ಬಾಗಿಲಲ್ಲಿ ಗೆದ್ದೆವೆಂದು ಬರೆಸಿಕೊಳ್ಳಬೇಕಾಯಿತು ಎಂದರೆ ಶತ್ರು ಬಾಗಿಲವರೆಗೆ ಬಂದಿದ್ದನೆಂದೇ ಅರ್ಥ. ಈ ಎರಡು ಮನೆತನಗಳ ಚರಿತ್ರೆಯನ್ನು ಹೀಗೇ ಓದಿಕೊಳ್ಳಬೇಕು. ಸೋಲನ್ನು ಸೋತವನು ಎಂದೂ ಬರೆಸುವುದಿಲ್ಲ, ಗೆದ್ದವನ ಪಟದಲ್ಲಿ ಅದನ್ನು ಹುಡುಕಬೇಕು.

ಏನೇ ಆದರೂ ಕಂಚಿ ಬೀಳಲಿಲ್ಲ. ಪುಲಕೇಶಿ ಕಾವೇರಿ ದಾಟಿದ, ಚೋಳ, ಪಾಂಡ್ಯ, ಕೇರಳರಿಗೆ ಸ್ನೇಹದ ಕೈ ಚಾಚಿದ, ವಾತಾಪಿಗೆ ಮರಳಿದ. ಪೆಟ್ಟು ತಿಂದ ಪಲ್ಲವ ಕೋಟೆಯೊಳಗೆ ಹಾಗೇ ಉಳಿದ. ಪುಲಕೇಶಿಯ ಬಾಳಿನ ದೊಡ್ಡ ತಪ್ಪು ಇದೇ.

640ರ ಸುಮಾರಿಗೆ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಎರಡೂ ರಾಜ್ಯಗಳಲ್ಲಿ ಓಡಾಡಿದ. ಕಂಚಿಯ ಸೀಮೆಯಲ್ಲಿ ನೂರರಷ್ಟು ವಿಹಾರ, ಹತ್ತು ಸಾವಿರ ಭಿಕ್ಷುಗಳಿದ್ದರೆಂದು ಬರೆದ. ಅಲ್ಲಿಂದ ಪುಲಕೇಶಿಯ ನಾಡಿಗೆ ಬಂದ. ಅವನು ವರ್ಣಿಸುವ ರಾಜಧಾನಿಯ ಪಕ್ಕದಲ್ಲಿ ದೊಡ್ಡ ನದಿ ಹರಿಯುತ್ತದೆ. ಬಾದಾಮಿಗೆ ಅದು ಹೊಂದದು, ನಾಸಿಕವಿರಬಹುದೆಂದು ಹಲವರ ಊಹೆ. ಜನರ ಬಗ್ಗೆ ಅವನು ಹೇಳಿದ ಮಾತುಗಳಲ್ಲಿ ಮಾತ್ರ ಬಿಸಿ ಆರಿಲ್ಲ. ಉಪಕಾರ ಮರೆಯದವರು, ಅಪಮಾನ ಸಹಿಸದವರು. ಸೋತು ಬಂದ ಸೇನಾನಿಗೆ ದಂಡನೆಯಿಲ್ಲ, ಹೆಂಗಸರ ಉಡುಗೆ ತೊಡಿಸುತ್ತಾರೆ, ಅವನು ನಾಚಿಕೆಗೆ ಪ್ರಾಣ ಬಿಡುತ್ತಾನೆ. ಯುದ್ಧಕ್ಕೆ ಹೊರಡುವ ಮೊದಲು ವೀರರೂ ಕುಡಿಯುತ್ತಾರೆ, ಆನೆಗಳಿಗೂ ಕುಡಿಸುತ್ತಾರೆ. ಇಂಥ ಬಲವಿರುವುದರಿಂದ ಅರಸ ನೆರೆಯ ರಾಜ್ಯಗಳನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಎಂದೂ ಆ ಭಿಕ್ಷು ಬರೆದ. ಅವನು ಅತ್ತ ಹೋದ ಮೇಲೆ ವಾತಾಪಿ ಬೀಳಲು ಹೆಚ್ಚು ದಿನ ಹಿಡಿಯಲಿಲ್ಲ.

ಮಹೇಂದ್ರವರ್ಮನ ನಂತರ ಕಂಚಿಯ ಪಟ್ಟಕ್ಕೆ ಬಂದವನು ಮಗ ನರಸಿಂಹವರ್ಮ. ಮಹಾಮಲ್ಲ ಅವನ ಬಿರುದು, ಮಾಮಲ್ಲಪುರಕ್ಕೆ ಆ ಹೆಸರು ಬಂದದ್ದು ಅದರಿಂದ. ಪುಲಕೇಶಿ ಮತ್ತೆ ಕಂಚಿಯತ್ತ ನುಗ್ಗಿದ. ಪರಿಯಳ, ಮಣಿಮಂಗಲ, ಶೂರಮಾರ ಎಂಬ ಮೂರು ಕಡೆ ಕದನವಾಯಿತೆಂದು ಪಲ್ಲವರ ಕೂರಂ ತಾಮ್ರಪಟ ತಿಳಿಸುತ್ತದೆ. ಓಡುತ್ತಿದ್ದ ಪುಲಕೇಶಿಯ ಬೆನ್ನನ್ನೇ ಪಟವಾಗಿಸಿ ನರಸಿಂಹವರ್ಮ ಅದರ ಮೇಲೆ ‘ವಿಜಯ’ ಎಂದು ಬರೆದ ಎನ್ನುವ ಅದರ ಕಲ್ಪನೆ ಕ್ರೂರವಾದರೂ ಚೆನ್ನಾಗಿದೆ. ಮಣಿಮಂಗಲ ಕಂಚಿಯಿಂದ ಪೂರ್ವಕ್ಕೆ ಒಂದೆರಡು ದಿನದ ನಡಿಗೆ. ಚಾಲುಕ್ಯ ಸೇನೆ ಶತ್ರುವಿನ ಒಡಲೊಳಗೆ ಅಷ್ಟು ದೂರ ಹೊಕ್ಕು ಕೆಟ್ಟಿತು. ನರಸಿಂಹವರ್ಮನ ಕಡೆ ಕಾದಿದವರಲ್ಲಿ ಸಿಂಹಳದ ರಾಜಕುಮಾರ ಮಾನವಮ್ಮನೂ ಒಬ್ಬ. ಸಿಂಹಾಸನ ಕಳೆದುಕೊಂಡು ಕಂಚಿಯಲ್ಲಿ ಆಶ್ರಯ ಪಡೆದಿದ್ದ ಅವನಿಗೆ ಪಲ್ಲವ ದೊರೆ ಆಮೇಲೆ ಸೈನ್ಯ ಕೊಟ್ಟು ಲಂಕೆಗೆ ಕಳುಹಿಸಿದ.

ಸೋತು ಹಿಮ್ಮೆಟ್ಟಿದವರನ್ನು ಗಡಿಯಲ್ಲಿ ಬಿಟ್ಟು ತಿರುಗುವುದು ಆ ಕಾಲದ ರೂಢಿ. ನರಸಿಂಹವರ್ಮ ಬಿಡಲಿಲ್ಲ. ಬೆನ್ನಟ್ಟಿಕೊಂಡು ವಾತಾಪಿಯವರೆಗೂ ಬಂದ. ಪುಲಕೇಶಿ ಅಪ್ಪನಿಗೆ ಮಾಡದೆ ಬಿಟ್ಟಿದ್ದನ್ನು ಮಗ ಪುಲಕೇಶಿಗೆ ಮಾಡಿದ.

ಬಾದಾಮಿಯಲ್ಲಿ ತೆಗ್ಗಿನ ಈರಪ್ಪ ಎಂದು ಜನ ಕರೆಯುವ ಸಣ್ಣ ಗುಡಿಯ ಹಿಂದೆ ಒಂದು ಬಂಡೆಯಿದೆ. ಅದರ ಮೇಲೆ ಸವೆದು, ಚಕ್ಕೆಯೆದ್ದು ಹೋದ ಸಂಸ್ಕೃತ ಸಾಲುಗಳು. ಮಹಾಮಲ್ಲನ ಹೆಸರು, ಪಲ್ಲವರ ಭಾರದ್ವಾಜ ಗೋತ್ರ, ವಾತಾಪಿ, ಹದಿಮೂರನೆಯ ಆಳ್ವಿಕೆಯ ವರ್ಷ ಇಷ್ಟನ್ನು ಅದರಿಂದ ಓದಿ ತೆಗೆಯಬಹುದು. 642 ಎಂಬ ಲೆಕ್ಕ ಹುಟ್ಟಿದ್ದು ಮುಖ್ಯವಾಗಿ ಈ ಬಂಡೆಯಿಂದ. ಚಾಲುಕ್ಯರ ಕೋಟೆಯೊಳಗೆ ಪಲ್ಲವರ ಶಾಸನ ಇದೆ ಎಂಬುದಕ್ಕಿಂತ ದೊಡ್ಡ ಸಾಕ್ಷಿ ಈ ಸೋಲಿಗೆ ಬೇಕಿಲ್ಲ.

ಪುಲಕೇಶಿಗೆ ಏನಾಯಿತು? ರಾಜಧಾನಿಯನ್ನು ಕಾಯುತ್ತ ಮಡಿದನೆಂದು ಪಠ್ಯಪುಸ್ತಕಗಳು ಬರೆಯುತ್ತವೆ. ಊಹೆ ಸರಿಯೇ ಇರಬಹುದು. ಆದರೆ ಅವನ ಸಾವನ್ನು ಹೇಳುವ ಶಾಸನ ಎರಡೂ ಕಡೆ ಇಲ್ಲ. 642ರ ನಂತರ ಅವನ ಹೆಸರಿನ ದಾನವಿಲ್ಲ, ದಂಡಯಾತ್ರೆಯಿಲ್ಲ, ಅಷ್ಟೇ.

ನರಸಿಂಹವರ್ಮ ‘ವಾತಾಪಿಕೊಂಡ’ನಾದ. ಉಂಡ ಮಗುವಿನ ಹೊಟ್ಟೆ ಸವರುತ್ತ ಅಜ್ಜಿಯರು ‘ವಾತಾಪಿ ಜೀರ್ಣೋಭವ’ ಎನ್ನುವ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯ ರಾಕ್ಷಸನನ್ನು ಅಗಸ್ತ್ಯ ಜೀರ್ಣಿಸಿಕೊಂಡಂತೆ ನಮ್ಮ ದೊರೆ ವಾತಾಪಿಯನ್ನು ಮುಗಿಸಿದ ಎಂದು ಪಲ್ಲವ ಕವಿಗಳು ಮತ್ತೆ ಮತ್ತೆ ಹಾಡಿಕೊಂಡರು. ಸುಮಾರು ಐನೂರು ವರ್ಷದ ಮೇಲೆ ಸೇಕ್ಕಿಳಾರ್ ಬರೆದ ಪೆರಿಯಪುರಾಣದಲ್ಲಿ ವಾತಾಪಿಯನ್ನು ಧೂಳೆಬ್ಬಿಸಿ ಆನೆ, ಕುದುರೆ, ರತ್ನಗಳನ್ನು ತಂದ ದಂಡನಾಯಕ ಪರಂಜ್ಯೋತಿ ಶಿವಭಕ್ತ ಸಿರುತ್ತೊಂಡರಾಗಿ ಕಾಣಿಸಿಕೊಳ್ಳುತ್ತಾನೆ. ಅವನು ಬಾದಾಮಿಯಿಂದ ಗಣಪತಿಯ ವಿಗ್ರಹವನ್ನೂ ಹೊತ್ತೊಯ್ದನೆಂಬ ಕಥೆ ಪೆರಿಯಪುರಾಣದಲ್ಲಿಲ್ಲ, ತೀರ ಈಚೆಗೆ ಹುಟ್ಟಿದ್ದು. ದೀಕ್ಷಿತರ ಕೀರ್ತನೆಯಿಂದ ವಾತಾಪಿ ಗಣಪತಿ ಮನೆಮಾತಾಗಿರುವುದರಿಂದ ಅದನ್ನು ಅಲ್ಲಗಳೆಯುವವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ತಮಿಳು ಓದುಗರಿಗಂತೂ ಈ ಯುದ್ಧವೆಂದರೆ 1940ರ ದಶಕದಲ್ಲಿ ಧಾರಾವಾಹಿಯಾಗಿ ಬಂದ ಕಲ್ಕಿಯವರ ‘ಶಿವಗಾಮಿಯಿನ್ ಶಪಥಂ’.

ಇತ್ತ ಚಾಲುಕ್ಯರ ನಾಡಿನಲ್ಲಿ 642ರಿಂದ 655ರವರೆಗೆ ಕತ್ತಲು. ಪಲ್ಲವರು ಅಷ್ಟೂ ವರ್ಷ ಬಾದಾಮಿಯಲ್ಲಿ ಕೂತಿದ್ದರೇ, ದೋಚಿಕೊಂಡು ಬೇಗನೆ ತಿರುಗಿದರೇ ಎಂಬುದರಲ್ಲಿ ಒಮ್ಮತವಿಲ್ಲ. ಪುಲಕೇಶಿಯ ಮಕ್ಕಳು ಹಲವರು, ಪಟ್ಟ ಒಂದೇ. ಆದಿತ್ಯವರ್ಮನೆಂಬ ಮಗ ತನ್ನ ಮೊದಲನೆಯ ವರ್ಷದ ಆಳ್ವಿಕೆಯಲ್ಲಿ ಸಾರ್ವಭೌಮನ ಬಿರುದುಗಳೊಡನೆ ಕೊಟ್ಟ ದಾನಪಟ ಕರ್ನೂಲು ಕಡೆ ಸಿಕ್ಕಿದೆ. ಇನ್ನೊಬ್ಬ ಮಗ ಚಂದ್ರಾದಿತ್ಯನ ರಾಣಿ ವಿಜಯಭಟ್ಟಾರಿಕೆ ಕೊಂಕಣದಲ್ಲಿ ತಾನೇ ದಾನಪಟ ಹೊರಡಿಸಿದ್ದಾಳೆ. ಸಂಸ್ಕೃತ ಕವಯಿತ್ರಿ ವಿಜ್ಜಿಕೆ ಇವಳೇ ಎಂದು ಹಲವರು ನಂಬುತ್ತಾರೆ. ಒಪ್ಪದವರೂ ಇದ್ದಾರೆ. ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಕೂತರು, ಸಾಮಂತರು ಸ್ವತಂತ್ರರಾದರು, ವೆಂಗಿಯ ದಾಯಾದಿಗಳು ತಮ್ಮ ಪಾಡಿಗೆ ತಾವು ಬೇರೆಯೇ ರಾಜವಂಶವಾದರು. ಪುಲಕೇಶಿ ಮೂವತ್ತು ವರ್ಷ ದಂಡಿನ ಬಲದಿಂದ ಹಿಡಿದಿಟ್ಟಿದ್ದ ರಾಜ್ಯಕ್ಕೆ ದಂಡು ಬಿಟ್ಟರೆ ಬೇರೆ ಕಟ್ಟು ಇರಲಿಲ್ಲ.

ಅದನ್ನು ಮತ್ತೆ ಕಟ್ಟಿದವನು ಇನ್ನೊಬ್ಬ ಮಗ ವಿಕ್ರಮಾದಿತ್ಯ. ಚಿತ್ರಕಂಠವೆಂಬ ಒಂದು ಕುದುರೆ, ಕೈಯಲ್ಲೊಂದು ಕತ್ತಿ, ಇಷ್ಟರಿಂದಲೇ ಮೂವರು ರಾಜರ ಪಾಲಾಗಿದ್ದ ತಂದೆಯ ಸಿರಿಯನ್ನು ಮರಳಿ ಪಡೆದನೆಂದು ಚಾಲುಕ್ಯರ ಪಟಗಳು ಹೇಳುತ್ತವೆ. ಕುದುರೆಯ ಹೆಸರು ಉಳಿಯಿತು, ನೆರವಾದವರ ಹೆಸರು ಬಿಟ್ಟುಹೋಯಿತು. ಹುಂಚದ ಕಡೆಯ ನಗರದ ಶಾಸನವೊಂದು ಗಂಗ ದುರ್ವಿನೀತ ಕಾಡುವೆಟ್ಟಿಯನ್ನು, ಎಂದರೆ ಪಲ್ಲವ ದೊರೆಯನ್ನು ಹಿಡಿದು ಮಗಳ ಮಗನಿಗೆ ಪಟ್ಟ ಕಟ್ಟಿದ ಎನ್ನುತ್ತದೆ. ಆ ಮೊಮ್ಮಗ ವಿಕ್ರಮಾದಿತ್ಯನೇ ಎಂದು ಒಂದು ಪಕ್ಷ. ಶಾಸನ ಕೆತ್ತಿದ್ದು ನಾಲ್ಕು ಶತಮಾನ ಕಳೆದ ಮೇಲೆ, ದುರ್ವಿನೀತನ ಕಾಲವೂ ಹೊಂದುವುದಿಲ್ಲ ಎಂದು ಇನ್ನೊಂದು ಪಕ್ಷ. 655ರ ಹೊತ್ತಿಗೆ ವಾತಾಪಿ ಕೈಗೆ ಬಂದ ಮೇಲೆ ವಿಕ್ರಮಾದಿತ್ಯ ಮಾಡಿದ ಕೆಲಸಗಳಲ್ಲಿ ಒಂದು ಗಮನಿಸುವಂಥದು: ನಿಂತುಹೋಗಿದ್ದ ದೇವದಾಯ, ಬ್ರಹ್ಮದಾಯಗಳನ್ನು ಮತ್ತೆ ನಡೆಸಿಕೊಟ್ಟ. ಅರಾಜಕತೆ ಎಂದರೆ ಹಳ್ಳಿಯ ಮಟ್ಟದಲ್ಲಿ ಏನಾಗಿತ್ತೆಂದು ಇದರಿಂದ ತಿಳಿಯುತ್ತದೆ. ಗುಡಿಗೆ ಬಿಟ್ಟ ಹೊಲದ ಹುಟ್ಟುವಳಿಯನ್ನು ಯಾರೋ ಎತ್ತಿಕೊಳ್ಳುತ್ತಿದ್ದರು, ಕೇಳುವವರಿರಲಿಲ್ಲ.

ಚಾಲುಕ್ಯರ ಯಾವ ಶಾಸನವೂ ‘ವಾತಾಪಿ ಬಿತ್ತು’ ಎನ್ನುವುದಿಲ್ಲ. ವಿಕ್ರಮಾದಿತ್ಯನ ವಂಶದವರು ಪಲ್ಲವ ದೊರೆಯನ್ನು ಬಣ್ಣಿಸುವಾಗ, ಬೆಳುದಿಂಗಳಂಥ ತಮ್ಮ ಕುಲದ ಪರಿಭವಕ್ಕೂ ಕೇಡಿಗೂ ಕಾರಣನಾದವನು ಎಂದು ಒಂದು ವಿಶೇಷಣ ಸೇರಿಸುತ್ತಾರೆ. ಅವರ ಬಾಯಿಂದ ಹೊರಟ ಒಪ್ಪಿಗೆ ಇಷ್ಟೇ.

ಸೇಡು ತೀರಿಸಿಕೊಳ್ಳಲು ವಿಕ್ರಮಾದಿತ್ಯ ಇಪ್ಪತ್ತು ವರ್ಷ ಕಾದ. ನರಸಿಂಹವರ್ಮ ಆ ಹೊತ್ತಿಗೆ ತೀರಿಹೋಗಿದ್ದ. ಅವನ ಮೊಮ್ಮಗ ಪರಮೇಶ್ವರವರ್ಮನ ಕಾಲದಲ್ಲಿ ಕಂಚಿ ಚಾಲುಕ್ಯರ ವಶವಾಯಿತು. 674ರ ಏಪ್ರಿಲ್‌ನಲ್ಲಿ ವಿಕ್ರಮಾದಿತ್ಯ ಕಾವೇರಿಯ ತೆಂಕಣ ದಡದ ಉರಗಪುರದಲ್ಲಿ ಬೀಡುಬಿಟ್ಟಿದ್ದನೆಂದು ಗದ್ವಾಲ ತಾಮ್ರಪಟ ಸಾರುತ್ತದೆ. ಆಮೇಲೆ ಪೆರುವಳನಲ್ಲೂರಿನಲ್ಲಿ ಪರಮೇಶ್ವರವರ್ಮ ತಿರುಗಿಬಿದ್ದ. ಲಕ್ಷಗಟ್ಟಲೆ ಸೈನ್ಯದ ವಿಕ್ರಮಾದಿತ್ಯ ಒಂದು ಚಿಂದಿ ಬಟ್ಟೆ ಹೊದ್ದು ಒಬ್ಬನೇ ಓಡಿದ ಎಂಬುದು ಕೂರಂ ಪಟದ ಹೇಳಿಕೆ. ಕಂಚಿಯನ್ನು ಗೆದ್ದದ್ದು ಚಾಲುಕ್ಯರ ಪಟದಲ್ಲಿದೆ, ಕಳೆದುಕೊಂಡದ್ದು ಪಲ್ಲವರ ಪಟದಲ್ಲಿದೆ. ಎರಡೂ ನಿಜ.

ಇಂಥ ದಂಡುಗಳು ಹಾದುಹೋದ ದಾರಿಯಲ್ಲಿದ್ದವರ ಪಾಡನ್ನು ಪಟಗಳು ಹೇಳುವುದಿಲ್ಲ. ಹೇಳುವವನು ಒಬ್ಬನಿದ್ದಾನೆ. ಕಂಚಿಯಲ್ಲಿ ಬೆಳೆದ ದಂಡಿ ತನ್ನ ‘ಅವಂತಿಸುಂದರೀ ಕಥೆ’ಯ ಮೊದಲಲ್ಲಿ ತನ್ನ ಬಾಲ್ಯವನ್ನು ನೆನೆಯುತ್ತಾನೆ. ತಂದೆತಾಯಿ ಇಲ್ಲದ ಹುಡುಗ. ಪರರಾಜ್ಯದ ದಾಳಿ, ಬೆನ್ನಿಗೇ ಬರ. ಊರು ಬಿಟ್ಟು ವರ್ಷಗಟ್ಟಲೆ ಅಲೆದು, ನಾಡು ನೆಮ್ಮದಿಗೆ ಬಂದ ಮೇಲೆ ಮರಳಿದ. ಆ ದಾಳಿ ವಿಕ್ರಮಾದಿತ್ಯನದೇ ಎಂದು ಹಲವು ಇತಿಹಾಸಕಾರರ ಅಭಿಪ್ರಾಯ. ‘ಕವಿರಾಜಮಾರ್ಗ’ಕ್ಕೆ ಆಧಾರವಾದ ‘ಕಾವ್ಯಾದರ್ಶ’ ಬರೆದ ಆ ದಂಡಿಯನ್ನು ಊರುಬಿಡಿಸಿದ್ದು ಕನ್ನಡ ನಾಡಿನ ದಂಡು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ವಿಕ್ರಮಾದಿತ್ಯನ ಬಳಿಕ ಪಟ್ಟಕ್ಕೆ ಬಂದ ವಿನಯಾದಿತ್ಯ, ವಿಜಯಾದಿತ್ಯರ ಕಾಲದಲ್ಲಿ ಅರ್ಧ ಶತಮಾನ ಈ ಗಡಿ ಸ್ವಲ್ಪ ತಣ್ಣಗಿತ್ತು. ಕಂಚಿಯಲ್ಲಿ ಪಲ್ಲವ ರಾಜಸಿಂಹ ಕೈಲಾಸನಾಥ ದೇವಾಲಯ ಕಟ್ಟಿಸಿದ್ದು ಆ ಬಿಡುವಿನಲ್ಲೇ. ಮತ್ತೆ ಕಿಡಿ ಹೊತ್ತಿಸಿದವನು ಇಮ್ಮಡಿ ವಿಕ್ರಮಾದಿತ್ಯ. ಯುವರಾಜನಾಗಿದ್ದಾಗಲೇ ಒಮ್ಮೆ ಕಂಚಿಯಿಂದ ಕಪ್ಪ ತಂದಿದ್ದ, ಪಟ್ಟವಾದ ಮೇಲೆ ‘ಹುಟ್ಟುವೈರಿ’ ಪಲ್ಲವನನ್ನು ಬೇರುಸಹಿತ ಕೀಳುವೆನೆಂದು ಹೊರಟ. ಆಗಿನ ಪಲ್ಲವ ದೊರೆ ನಂದಿವರ್ಮ ಓಡಿದ. ಸಮುದ್ರಘೋಷವೆಂಬ ವಾದ್ಯ, ಖಟ್ವಾಂಗಧ್ವಜ, ಆನೆಗಳು, ಮಾಣಿಕ್ಯಗಳು ಚಾಲುಕ್ಯರಿಗೆ ಸಿಕ್ಕವು. ನೂರು ವರ್ಷದ ಹಿಂದೆ ವಾತಾಪಿಗೆ ಆದದ್ದು ಕಂಚಿಗೆ ಆಗುವುದು ಬಾಕಿ ಇತ್ತು.

ಆಗಲಿಲ್ಲ. ಕೋಲಾರ ಜಿಲ್ಲೆಯ ವಕ್ಕಲೇರಿಯಲ್ಲಿ ದೊರೆತ ತಾಮ್ರಪಟದ ಪ್ರಕಾರ ವಿಕ್ರಮಾದಿತ್ಯ ಊರೊಳಗೆ ಹೊಕ್ಕ, ಊರನ್ನು ಹಾಳು ಮಾಡಲಿಲ್ಲ. ಬ್ರಾಹ್ಮಣರಿಗೂ ದೀನರಿಗೂ ದಾನ ಕೊಟ್ಟ, ರಾಜಸಿಂಹೇಶ್ವರವೇ (ಕೈಲಾಸನಾಥದ ಹಳೆಯ ಹೆಸರು) ಮೊದಲಾದ ಕಲ್ಲುಗುಡಿಗಳಿಗೆ ರಾಶಿ ಚಿನ್ನ ಬಿಟ್ಟ. ಹೊಗಳುಭಟ್ಟರ ಮಾತೆಂದು ಇದನ್ನು ತಳ್ಳಿಹಾಕಬಹುದಿತ್ತು. ಆದರೆ ಕಂಚಿಯ ಕೈಲಾಸನಾಥದ ಮಂಟಪದ ಕಂಬವೊಂದರ ಹಿಂಬದಿಯಲ್ಲಿ ಈಗಲೂ ಹಳಗನ್ನಡದ ಶಾಸನವಿದೆ. ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು, ರಾಜಸಿಂಹೇಶ್ವರದ ಧನವನ್ನು ಕಂಡು, ಅದನ್ನು ದೇವರಿಗೇ ಬಿಟ್ಟನೆಂದು ಅದು ತಿಳಿಸುತ್ತದೆ. ಈ ಅಕ್ಷರಗಳನ್ನು ಕೆಡಿಸಿದವರು ಕಂಚಿಯ ಘಟಿಕೆಯ ಮಹಾಜನರನ್ನು ಕೊಂದವರ ಲೋಕಕ್ಕೆ ಹೋಗಲಿ ಎಂಬ ಶಾಪವೂ ಇದೆ. ಗೆದ್ದವನು ಶಾಪ ಹಾಕಲು ಆರಿಸಿಕೊಂಡದ್ದು ಸೋತ ಊರಿನ ವಿದ್ಯಾಪೀಠದ ಮೇಲಿನ ಗೌರವವನ್ನು! ಪಲ್ಲವರು ಮರಳಿ ಬಂದ ಮೇಲೂ ಅದನ್ನು ಯಾರೂ ಕೆತ್ತಿ ತೆಗೆಯಲಿಲ್ಲ.

ಈ ಗೆಲುವಿನ ನೆನಪಿಗೆ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ಗುಡಿಯನ್ನು ಕಟ್ಟಿಸಿದಳು. ಇಂದಿನ ವಿರೂಪಾಕ್ಷ ಅದೇ. ಅವಳ ತಂಗಿ, ಸವತಿಯೂ ಆದ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದಳು. ಕಂಚಿಯನ್ನು ಮೂರು ಬಾರಿ ಗೆದ್ದ ದೊರೆಯ ರಾಣಿಗೆ ಗುಡಿ ಕಟ್ಟಿದ ಸೂತ್ರಧಾರಿ ಗುಂಡನಿಗೆ ಸಂದ ಬಿರುದುಗಳನ್ನು ಅಲ್ಲಿನ ಕನ್ನಡ ಶಾಸನ ಹೇಳುತ್ತದೆ. ವಿರೂಪಾಕ್ಷದ ಮಾದರಿ ಕಂಚಿಯ ಕೈಲಾಸನಾಥವೆಂದೂ ಶಿಲ್ಪಿಗಳು ಅಲ್ಲಿಂದಲೇ ಬಂದರೆಂದೂ ಹಿಂದೆ ನಂಬಿದ್ದರು. ಐಹೊಳೆ, ಬಾದಾಮಿಗಳಲ್ಲಿ ನೂರೈವತ್ತು ವರ್ಷ ಪಳಗಿದ ಕೈಗಳಿಗೆ ಅಷ್ಟು ಸಾಲ ಬೇಕಿರಲಿಲ್ಲ ಎನ್ನುವವರ ವಾದವೇ ಈಗ ಗಟ್ಟಿಯಾಗಿದೆ.

ಚಾಲುಕ್ಯರ ಕಣ್ಣೆಲ್ಲ ದಕ್ಷಿಣದ ಮೇಲಿದ್ದಾಗ ಉತ್ತರದ ಗಡಿಯನ್ನು ಕಾಯುತ್ತಿದ್ದವರು ಅವರ ಸಾಮಂತರು. ಅವರಲ್ಲೊಬ್ಬ ಎಲ್ಲೋರದ ಕಡೆಯ ರಾಷ್ಟ್ರಕೂಟ ದಂತಿದುರ್ಗ. ಇಮ್ಮಡಿ ವಿಕ್ರಮಾದಿತ್ಯ ತೀರಿಕೊಂಡು ಹತ್ತು ವರ್ಷವೂ ಆಗಿರಲಿಲ್ಲ. 753ರ ಹೊತ್ತಿಗೆ ದಂತಿದುರ್ಗ ಅವನ ಮಗ ಎರಡನೆಯ ಕೀರ್ತಿವರ್ಮನನ್ನು ಸೋಲಿಸಿ ಪರಮೇಶ್ವರನೆಂದು ಕರೆಸಿಕೊಂಡ. ಅವನ ಸಾಮಾನಗಡ ತಾಮ್ರಪಟ ಸೋತ ಸೇನೆಯನ್ನು ಪರಿಚಯಿಸುವ ಬಗೆ ನೋಡಿ. ಕಂಚಿಯ ಒಡೆಯನನ್ನು, ಕೇರಳ, ಚೋಳ, ಪಾಂಡ್ಯರನ್ನು, ಶ್ರೀಹರ್ಷನನ್ನು ಮುರಿಯುವುದರಲ್ಲಿ ನಿಪುಣವಾದ ಕರ್ಣಾಟಬಲ ಅದು. ಅದನ್ನು ದಂತಿದುರ್ಗ ಕೆಲವೇ ಆಳುಗಳೊಡನೆ ಗೆದ್ದನಂತೆ. ಬಾದಾಮಿಯ ಚಾಲುಕ್ಯರ ದಾನಪಟಗಳು 757ಕ್ಕೆ ನಿಲ್ಲುತ್ತವೆ. ಕಂಚಿಯ ಪಲ್ಲವರು ಅದಾದ ಮೇಲೂ ನೂರಕ್ಕೂ ಹೆಚ್ಚು ವರ್ಷ ಆಳಿದರು.